ಸಾಸಿವೆ ಸಿಡಿದ ಕೈ

ತಮ್ಮನನ್ನು ಸಾಲ್ಟ್ ಲೇಕಿನ ಆ ಮನೆಗೆ ಸೇರಿಸಿದ ದಿನದಿಂದಲೇ ನನಗೆ ಅಲ್ಲಿಯವರ ಮೇಲೆ ನಂಬಿಕೆ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದು ಬದುಕುಳಿದ ಆರು ಜನ ಅಲ್ಲಿ ಒಟ್ಟಿಗೆ ಇರುತ್ತಾರಂತೆ. ಆಸ್ಪತ್ರೆಯಲ್ಲವಂತೆ, ಆಶ್ರಮವೂ ಅಲ್ಲವಂತೆ, ಅವರದೇ ಮನೆಯಂತೆ. ನಡೆಸುವವರು ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು. ಅವರ ಮಗನೂ ಆ ಆರು ಜನರಲ್ಲಿ ಒಬ್ಬ. ಪಕ್ಕದ ಸೆಕ್ಟರ್ ಫೈವ್‌ನಲ್ಲಿ ಒಂದರ ಹಿಂದೆ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಸುತ್ತಲಿನ ಹಳೆಯ ಮನೆಗಳ ಮೇಲೆಲ್ಲ, ಕೆಡವಿ ಫ್ಲ್ಯಾಟು ಕಟ್ಟುವ ಪ್ರೊಮೋಟರುಗಳ ಕಣ್ಣು ಬಿದ್ದಿತ್ತು. ಅಂಥ ಕಾಲದಲ್ಲಿ ಎರಡಂತಸ್ತಿನ ಸ್ವಂತ ಮನೆಯನ್ನು ಪರರ ಮಕ್ಕಳಿಗೆ ಯಾರಾದರೂ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿ ಬೆಳೆದವಳು ನಾನು. ಇದರಲ್ಲಿ ಏನೋ ಮಸಲತ್ತಿದೆ ಎಂದೇ ತೀರ್ಮಾನಿಸಿಬಿಟ್ಟಿದ್ದೆ.

ನಮ್ಮದು ಉಡುಪಿ ಕಡೆಯ ಅಡುಗೆಯವರ ಮನೆತನ. ಅಪ್ಪ ಬಂಗಾಳಕ್ಕೆ ಬಂದು ಬೆಹಾಲಾದಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಅವರ ನಂತರ ಒಲೆಯ ಮುಂದೆ ನಿಂತವನು ತಮ್ಮ. ಸಾಫ್ಟ್‌ವೇರ್ ಕಂಪೆನಿಗಳು ಬಂದದ್ದೇ ತಡ, ಅಲ್ಲಿನ ದಕ್ಷಿಣದ ಹುಡುಗರಿಗೆ ಮಧ್ಯಾಹ್ನದ ಊಟ ಒಯ್ಯಲು ಶುರುಮಾಡಿದ. ಹಾಗೆ ಒಯ್ಯುವಾಗಲೇ ಒಂದು ಮಿನಿಬಸ್ಸು ಅವನ ಸ್ಕೂಟರಿಗೆ ಗುದ್ದಿತು. ಹೆಲ್ಮೆಟ್ಟು ಹ್ಯಾಂಡಲಿನಲ್ಲಿ ನೇತಾಡುತ್ತಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕೈಕಾಲು ಸರಿಹೋದವು. ಆದರೆ ಈಗ ತಾನೇ ಮಾಡಿದ್ದು ಮರುಗಳಿಗೆಗೆ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಲು ಒಲೆಯ ಮೇಲಿಟ್ಟು ಪೇಪರು ತರಲು ಹೋದ. ಅಡುಗೆಮನೆಯ ಪರದೆ ಸುಟ್ಟಿತು. ಇನ್ನೊಮ್ಮೆ ಗ್ಯಾಸು ತಿರುಗಿಸಿ ಬೆಂಕಿ ಹಚ್ಚುವುದನ್ನೇ ಮರೆತ. ನಾನು ಸ್ನಾನಕ್ಕೆ ಹೋಗಿದ್ದೆ. ವಾಸನೆ ಬಡಿದು ಓಡಿ ಬಂದೆ. ಅವತ್ತೇ ಬೀಗ ತಂದು ಅಡುಗೆಮನೆಗೆ ಹಾಕಿದೆ. ನಾಲ್ಕು ವರ್ಷ ಅದರ ಕೀಲಿ ನನ್ನ ಸೆರಗಿನ ತುದಿಯಲ್ಲಿತ್ತು. ನಾನು ಅಡುಗೆ ಮಾಡುವಾಗ ಅವನು ಹೊಸ್ತಿಲಾಚೆ ನಿಂತು, ಇಂಗು ಹಾಕಿದ್ದೀಯಾ ಎಂದು ಕೇಳುತ್ತಿದ್ದ. ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. ನಾನು ರೇಗುತ್ತಿದ್ದೆ. ಸುಮ್ಮನೆ ಹಾಕಿದ್ದೇನೆ ಎಂದರೆ ಸಾಕಿತ್ತು ಎಂದು ಈಗ ಅನ್ನಿಸುತ್ತದೆ.

ಕೊನೆಗೆ ನನಗೇ ಬಿಪಿ ಏರಿ ಮೆಟ್ಟಿಲ ಮೇಲೆ ಕುಸಿದ ಮೇಲೆ ಡಾಕ್ಟರು ಆ ಮನೆಯ ವಿಷಯ ಹೇಳಿದರು. ಸೇರಿಸುವಾಗ ದೀದಿಗೆ ನಾನು ಹಾಕಿದ್ದು ಒಂದೇ ಷರತ್ತು: ಇವನು ಒಲೆಯ ಹತ್ತಿರ ಸುಳಿಯಬಾರದು. ಅದನ್ನು ಅವನ ಜೊತೆಯೂ ಮಾತಾಡಿ ನೋಡೋಣ ಎಂದರು ದೀದಿ. ಅವನ ಜೊತೆ ಮಾತಾಡುವುದೇನು ಬಂತು ಎಂದು ನನಗೆ ಅರ್ಥವೇ ಆಗಲಿಲ್ಲ.

ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ, ನೋಡಿ ಬರಲು ಅಲ್ಲ, ತಪಾಸಣೆಗೆ. ಅವನ ಉಗುರು ನೋಡುತ್ತಿದ್ದೆ, ಹಾಸಿಗೆ ಎತ್ತಿ ನೋಡುತ್ತಿದ್ದೆ, ಕಿವಿಯ ಹಿಂದೆ ಕೊಳೆಯಿದೆಯೇ ಎಂದು ಬೆರಳಿನಿಂದ ಉಜ್ಜಿ ನೋಡುತ್ತಿದ್ದೆ. ಶನಿವಾರಗಳಂದು ಯಾವುದೋ ಐಟಿ ಕಂಪೆನಿಯ ಹುಡುಗ ಹುಡುಗಿಯರು ಒಂದೇ ಬಣ್ಣದ ಟೀ ಶರ್ಟು ತೊಟ್ಟು ಬಂದು, ಇವರ ಜೊತೆ ಕೇರಂ ಆಡಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆಂದು ಗೊತ್ತಾಯಿತು. ಆ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ದೀದಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಗುಮಾನಿ ಇನ್ನೂ ಬಲಿಯಿತು.

ಎಂಟು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಅವನ ಎಡಗೈ ಮಣಿಕಟ್ಟಿನ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳು ಕಂಡವು. ಬೇರೆ ಯಾರೇ ಆಗಿದ್ದರೂ ಸೊಳ್ಳೆ ಕಚ್ಚಿದ್ದೆನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹುಟ್ಟಿದವರು ಹಾಗೆ ಮೋಸಹೋಗುವುದಿಲ್ಲ. ಅದು ಒಗ್ಗರಣೆಯ ಸಾಸಿವೆ ಸಿಡಿದ ಗುರುತು. ಬಲಗೈಯಲ್ಲಿ ಸೌಟು ಹಿಡಿದು ಎಡಗೈಯಲ್ಲಿ ಬಾಣಲೆ ಹಿಡಿಯುವವರಿಗೆ ಅಲ್ಲೇ ಬೀಳುತ್ತದೆ; ಅಪ್ಪನಿಗೂ ಅಲ್ಲೇ ಇತ್ತು. ಇದೇನು ಎಂದರೆ ಏನಿಲ್ಲ ಎಂದ. ಅಡುಗೆ ಯಾರು ಮಾಡುವುದು ಎಂದು ದೀದಿಯನ್ನು ಕೇಳಿದೆ. ಅಡುಗೆಯ ಮಾಶಿ ಇದ್ದಾಳಲ್ಲ ಎಂದು ಹೇಳಿ ಮುಖ ಆಚೆ ತಿರುಗಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಈಗ ಎಲ್ಲ ಸ್ಪಷ್ಟವಾಯಿತು ಅಂದುಕೊಂಡೆ. ಉಡುಪಿಯ ಅಡುಗೆಯವನು ಸಿಕ್ಕಿದ್ದಾನೆ, ಪುಕ್ಕಟೆ ದುಡಿಸಿಕೊಳ್ಳುತ್ತಿದ್ದಾರೆ. ಸಾಮಾನು ಕಟ್ಟಿಸಿ ಅವನನ್ನು ವಾಪಸು ಕರೆತರುವುದೆಂದು ನಿಶ್ಚಯಿಸಿ, ಹೇಳದೆ ಕೇಳದೆ ಬುಧವಾರ ಬೆಳಗ್ಗೆ ಹೊರಟೆ. ಕೈಯಲ್ಲಿ ಖಾಲಿ ಬ್ಯಾಗೂ ಇತ್ತು.

ಗೇಟಿನಲ್ಲೇ ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆ. ಬಾಗಿಲು ತಟ್ಟದೆ ನೇರ ಅಡುಗೆಮನೆಗೆ ನುಗ್ಗಿದೆ. ತಮ್ಮ ಒಲೆಯ ಮುಂದೆ ನಿಂತಿದ್ದ. ಅವನ ಎದುರಿನ ಗೋಡೆಯ ಮೇಲೆ ಸಾರು ಮಾಡುವ ಕ್ರಮವನ್ನು ಒಂದೊಂದೇ ಚೀಟಿಯಲ್ಲಿ ಬರೆದು ಅಂಟಿಸಿತ್ತು, ಅಕ್ಷರ ಅವನದೇ. ಒಂದು ಕೆಲಸ ಮುಗಿದರೆ ಆ ಚೀಟಿಯನ್ನು ಕಿತ್ತು ಡಬ್ಬಿಗೆ ಹಾಕುತ್ತಿದ್ದ. ಮಾಶಿ ಪಕ್ಕದಲ್ಲೇ ಮಣೆಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೊನೆಯ ಚೀಟಿ ಕಿತ್ತ ಮೇಲೆ ತಮ್ಮ ಗ್ಯಾಸು ಆರಿಸಿ, "ಗ್ಯಾಸ್ ಬಂದ್" ಎಂದು ಗಟ್ಟಿಯಾಗಿ ಕೂಗಿದ. ಮಾಶಿ ಎದ್ದು ಬಂದು ತಿರುಗಣೆ ಮುಟ್ಟಿ ನೋಡಿ, ಅವಳೂ "ಬಂದ್" ಎಂದಳು. ಹಜಾರದಲ್ಲಿ ಕೂತಿದ್ದ ಉಳಿದವರೂ "ಬಂದ್" ಎಂದರು. ಆಮೇಲೆ ತಮ್ಮ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದ. ಮಾಶಿ ಅದರ ಕೆಳಗೆ ಬಂಗಾಳಿಯಲ್ಲಿ ತನ್ನ ಸಹಿ ಹಾಕಿದಳು. ಮಾಡಿದ್ದನ್ನೆಲ್ಲ ಬರೆಯಬೇಕು, ನೋಡಿದ ಇನ್ನೊಬ್ಬರು ಸಹಿ ಹಾಕಬೇಕು. ಅದು ಆ ಮನೆಯ ಎಲ್ಲರಿಗೂ ಇದ್ದ ನಿಯಮ.

ಅಷ್ಟು ಹೊತ್ತಿಗೆ ದೀದಿ ಓಡಿ ಬಂದರು. ನನಗೆ ಗೊತ್ತಿದ್ದ ಹಿಂದಿಯಲ್ಲೆಲ್ಲ ಅವರನ್ನು ಬೈದೆ. ಮಾತು ಕೊಟ್ಟು ಮುಚ್ಚಿಟ್ಟಿರಿ, ಮರೆಗುಳಿಯನ್ನು ಬೆಂಕಿಯ ಮುಂದೆ ನಿಲ್ಲಿಸಿದಿರಿ ಎಂದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ಶಾಂತವಾಗಿ ಹೇಳಿದರು:

"ನಾನು ಮಾತು ಕೊಟ್ಟಿರಲಿಲ್ಲ. ಅಕ್ಕನಿಗೆ ಹೇಳಬೇಡಿ ಎಂದು ಅವನೇ ಕೇಳಿಕೊಂಡ. ಅವನಿಗೆ ನಲವತ್ತೊಂದು ವರ್ಷ. ಅವನನ್ನು ಮೀರಿ ಹೇಳಲು ನಾನು ಯಾರು?"

ನಾನು ನಂಬಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ. ತಮ್ಮನ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಅದು ಕನ್ನಡದಲ್ಲಿತ್ತು, ಆ ಮನೆಯಲ್ಲಿ ಅದನ್ನು ಓದಬಲ್ಲವರು ಇನ್ಯಾರೂ ಇರಲಿಲ್ಲ. ಸಾರು, ಪಲ್ಯ, ಗ್ಯಾಸ್ ಬಂದ್, ಕೆಳಗೊಂದು ಸಹಿ, ಹೀಗೆ ಪುಟಗಟ್ಟಲೆ. ಪ್ರತಿ ಶನಿವಾರದ ಪುಟದ ತುದಿಯಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ ಒಂದೇ ಮಾತು: ನಾಳೆ ಅಕ್ಕ ಬರ್ತಾಳೆ. ಅಡುಗೆಮನೆಗೆ ಹೋಗ್ಲಿಕ್ಕಿಲ್ಲ. ಹೇಳ್ಲಿಕ್ಕಿಲ್ಲ.

ನನ್ನಿಂದ ಮುಚ್ಚಿಡುವುದನ್ನು ಮರೆಯದಿರಲು ಅವನು ಬರೆದುಕೊಂಡಿದ್ದು ಅದು. ನನಗೆ ನಿಂತಲ್ಲೇ ಅಳು ಬಂತು. ತಮ್ಮ ಗಾಬರಿಯಾಗಿ ನನ್ನನ್ನು ನೋಡಿದ, ಬ್ಯಾಗು ನೋಡಿದ, ಆಮೇಲೆ ಒಲೆಗೆ ಅಡ್ಡ ನಿಂತ.

"ಅಕ್ಕ, ಬೀಗ ತಂದಿದ್ದೀಯಾ?"

"ಇಲ್ಲ ಮಾರಾಯ, ಬೀಗ ಎಂತಕ್ಕೆ" ಎಂದೆ.

ಅವನು ನಂಬಲಿಲ್ಲ. ನನ್ನ ಸೆರಗಿನ ತುದಿಯನ್ನೇ ನೋಡುತ್ತಿದ್ದ. ಅವನು ಬಿಟ್ಟು ಬಂದು ಎಂಟು ತಿಂಗಳಾಗಿದ್ದರೂ ಬೆಹಾಲಾದ ಅಡುಗೆಮನೆಗೆ ನಾನೊಬ್ಬಳೇ ದಿನವೂ ಬೀಗ ಹಾಕುತ್ತಿದ್ದೆ, ತೆಗೆಯುತ್ತಿದ್ದೆ. ಕೀಲಿ ಇನ್ನೂ ಅಲ್ಲೇ ಇತ್ತು. ಗಂಟು ಬಿಚ್ಚಿ ಅದನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಅದನ್ನು ತಿರುಗಿಸಿ ನೋಡಿದ. ಜೇಬಿಗೆ ಹಾಕಿ ಮೇಲಿಂದ ತಟ್ಟಿ ನೋಡಿಕೊಂಡ. ಪುಸ್ತಕ ಇಸಿದುಕೊಂಡು, ಗಡಿಯಾರ ನೋಡಿ ಸಮಯ ಹಾಕಿ, ಅಕ್ಕ ಕೀಲಿ ಕೊಟ್ಟಳು ಎಂದು ಬರೆದ. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, ಸಹಿ ಹಾಕು ಎಂದ.