ವಿಭೂತಿ ಬಳಿದ ಲ್ಯಾಪ್‌ಟಾಪ್

ಅರಸೀಕೆರೆಯ ನಮ್ಮ ಕಾಲೇಜಿಗೆ ವೈರ್‌ಲೆಸ್ ಇಂಟರ್ನೆಟ್ ಬಂದ ವರ್ಷ ನನ್ನ ಕಾಲು ನೆಲದ ಮೇಲಿರಲಿಲ್ಲ. ಕಂಪ್ಯೂಟರ್ ಮೇಷ್ಟ್ರು ನಾನು. ಇಡೀ ಕಾಲೇಜಿಗೆ ಇದ್ದ ಒಂದೇ ಲ್ಯಾಪ್‌ಟಾಪ್ ನನ್ನದು. ನೆಟ್ ಹೋಯಿತೆಂದರೆ ಪ್ರಿನ್ಸಿಪಾಲರೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆಯುಧಪೂಜೆಗೆ ಆಫೀಸಿನ ಟೈಪ್‌ರೈಟರ್, ಗಂಟೆ, ಸೈಕಲ್ಲುಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ಕೂರಿಸಿ, ಮೂರು ಪಟ್ಟೆ ವಿಭೂತಿ ಬಳಿದೆವು. ರಜೆ ಮುಗಿದ ಬೆಳಗ್ಗೆ ಕಾಲೇಜಿನ ಆಯಾ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಲಕಲಕ ಒರೆಸಿಟ್ಟರು.

ಅವತ್ತು ಮಧ್ಯಾಹ್ನ ಮೂರಕ್ಕೆ, ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಕನ್ನಡದ ಅತಿಥಿ ಉಪನ್ಯಾಸಕಿ ನನ್ನ ಮೇಜಿನ ಮುಂದೆ ನಿಂತರು. ಕಾಯಂ ಹುದ್ದೆಗೆ ಆನ್‌ಲೈನ್ ಅರ್ಜಿ ಹಾಕಲು ಐದು ಗಂಟೆಯೇ ಗಡುವು. ಮುಂದಿನ ಸಲಕ್ಕೆ ಅವರ ವಯಸ್ಸು ಮೀರುತ್ತಿತ್ತು. ಊರಲ್ಲೆಲ್ಲೂ ಕರೆಂಟಿಲ್ಲ, ಸೈಬರ್ ಸೆಂಟರೂ ಬಾಗಿಲು ಎಳೆದುಕೊಂಡಿತ್ತು. ಬ್ಯಾಟರಿಯ ಮೇಲೆ ಜೀವ ಹಿಡಿದಿದ್ದದ್ದು ನನ್ನ ಲ್ಯಾಪ್‌ಟಾಪ್ ಮತ್ತು ಆಫೀಸಿನ ಗೋಡೆಯ ನೆಟ್ ಡಬ್ಬಿ, ಎರಡೇ.

"ಐದೇ ನಿಮಿಷ ಮೇಡಂ" ಎಂದು ಕೂತೆ. ನೆಟ್ ಸಿಗಲಿಲ್ಲ. ಡಬ್ಬಿಯ ದೀಪವೇನೋ ಹಸಿರಾಗಿಯೇ ಇತ್ತು. ಡಬ್ಬಿಯನ್ನು ಆರಿಸಿ ಹೊತ್ತಿಸಿದೆ, ಲ್ಯಾಪ್‌ಟಾಪನ್ನೂ ಆರಿಸಿ ಹೊತ್ತಿಸಿದೆ. ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ವರಾಂಡ, ಧ್ವಜದ ಕಂಬ, ಕೊನೆಗೆ ಟೆರೇಸನ್ನೂ ಸುತ್ತಿದೆ. ಅಂಕಪಟ್ಟಿಗಳ ಫೈಲು ಹಿಡಿದು ಅವರು ಹಿಂದೆಯೇ. ಡಬ್ಬಿ ಕೂರಿಸಿ ಹೋದವರನ್ನು ಬಾಯಿತುಂಬ ಬೈದೆ. ನಾಲ್ಕೂವರೆಯಾಯಿತು.

"ಹೋಗ್ಲಿ ಬಿಡಿ ಸಾರ್" ಎಂದು ಅವರು ಕಣ್ಣೊರೆಸಿಕೊಂಡಾಗ ನಾಚಿಕೆಯಿಂದ ಕುಗ್ಗಿಹೋದೆ.

ಆ ಕಣ್ಣೀರು ನೋಡಲಾರದೆ, ಬಾಗಿಲ ಬಳಿ ನಿಂತಿದ್ದ ಆಯಾ ಬಾಯಿಬಿಟ್ಟರು. "ಅದ್ರ ಮುಂದ್ಗಡೆ ಒಂದು ಚಿಕ್ ಗುಂಡಿ ಐತಲ್ಲ ಸಾ, ವಿಭೂತಿ ಮೆತ್ಕಂಡಿತ್ತು. ತಿಕ್ಕಿದ್ನಾ, ಟಕ್ ಅಂತ ಪಕ್ಕಕ್ಕೋಯ್ತು. ಕೆಡಿಸ್ಬುಟ್ನೇನೋ ಅಂತ ಬೆಳಗ್ಗಿಂದ ಎದೆ ಡವಡವ ಅಂತೈತೆ."

ಅದು ಲ್ಯಾಪ್‌ಟಾಪಿನ ವೈರ್‌ಲೆಸ್ ಸ್ವಿಚ್ಚು, ಪಕ್ಕಕ್ಕೆ ಸರಿದರೆ ನೆಟ್ ಬಂದ್! ಕಾಲೇಜನ್ನೆಲ್ಲ ಜಾಲಾಡಿದ ನಾನು ನನ್ನ ಮಡಿಲಲ್ಲಿದ್ದ ಯಂತ್ರವನ್ನು ತಿರುಗಿಸಿ ನೋಡಿರಲಿಲ್ಲ. ಉಗುರಿನಿಂದ ಗುಂಡಿಯನ್ನು ಸರಿಸಿದೆ. ನೆಟ್ ಬಂತು.

ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಅರ್ಜಿಯ ಸಂಖ್ಯೆ ಪರದೆಯ ಮೇಲೆ ಮೂಡಿತು. ಮೇಡಂ ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಆಯಾರನ್ನು ತಬ್ಬಿಕೊಂಡು ಬಿಕ್ಕತೊಡಗಿದರು.

"ಕೆಲ್ಸ ಸಿಕ್ತಾ ಮೇಡಮ್ಮ?"

"ಇಲ್ಲಮ್ಮ, ಅರ್ಜಿ ಹೋಯ್ತು, ಅಷ್ಟೇ."

"ಅರ್ಜಿ ಹೋಗಿದ್ಕೇ ಹಿಂಗಳ್ತೀರಲ್ಲ! ಕೆಲ್ಸ ಸಿಕ್ಕಿದ್ ದಿನ ನಾನು ಕೊಡಪಾನ ಹಿಡ್ಕಂಡು ನಿಂತ್ಕೋಬೇಕು ಬಿಡಿ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುವರ್ಷ ನೇಮಕದ ಆದೇಶ ಬಂದ ದಿನ ಆಯಾ ನಿಜಕ್ಕೂ ಕೊಡಪಾನ ತಂದಿದ್ದರು. ಮೇಡಂ ನಗುತ್ತಲೇ ಇದ್ದರು, ಅತ್ತದ್ದು ನಾನು.