ಸೋದರಮಾವನ ಸೊಂಟ

ಯಾರಾದರೂ ಮರ್ಯಾದೆಯಿಂದ ಕುರ್ಚಿ ಎಳೆದು ‘ಬನ್ನಿ, ಕೂತ್ಕೊಳ್ಳಿ’ ಅಂದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಕೂರುವುದೇ ಸುಖ, ನಿಲ್ಲುವುದೇ ಕಷ್ಟ ಎಂದು ಲೋಕ ಎಂದೋ ತೀರ್ಮಾನಿಸಿಬಿಟ್ಟಿದೆ. ಆಗ ಸಯಾಟಿಕಾ ಬಂದವರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ನಾನು ನಿಂತೇ ಕಾಫಿ ಕುಡಿಯುತ್ತೇನೆ, ನಿಂತೇ ಪೇಪರ್ ಓದುತ್ತೇನೆ. ಗೊತ್ತಿಲ್ಲದವರು ‘ಪಾಪ, ಎಷ್ಟು ವಿನಯ’ ಅಂದುಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ನನ್ನ ಮೇಲಧಿಕಾರಿಯೊಬ್ಬರಂತೂ ತಮ್ಮೆದುರು ನಾನು ಎಂದೂ ಕೂರದಿರುವುದನ್ನು ಕಂಡು ಬಹಳ ಸಂತೋಷಪಟ್ಟಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ನೋವು ಹೊರಡುವುದು ಸೊಂಟದ ಎಡಗಡೆಯಿಂದ. ಅಲ್ಲಿಂದ ತೊಡೆಯ ಹಿಂಭಾಗಕ್ಕಿಳಿದು, ಮೀನಖಂಡದಲ್ಲಿ ಸ್ವಲ್ಪ ತಂಗಿ, ಕೊನೆಗೆ ಪಾದದ ಮೇಲೆ ಬಂದು ನಿಲ್ಲುತ್ತದೆ. ಹೊಸೂರಿನಿಂದ ಕೆಲಮಂಗಲಕ್ಕೆ ಹೋಗುವ ಟೌನ್ ಬಸ್ಸಿನ ಹಾಗೆ, ಕೈ ಅಡ್ಡ ಹಾಕಿದ ಕಡೆಯೆಲ್ಲ ನಿಂತೇ ಹೋಗುವ ಸ್ವಭಾವ ಅದರದು. ನಮ್ಮ ಆಯುರ್ವೇದದವರು ಇದಕ್ಕೆ ‘ಗೃಧ್ರಸಿ’ ಎಂದು ಹೆಸರಿಟ್ಟಿದ್ದಾರೆ. ಗೃಧ್ರ ಎಂದರೆ ರಣಹದ್ದು. ಈ ನೋವಿನವನು ರಣಹದ್ದು ನೆಲದ ಮೇಲೆ ನಡೆದ ಹಾಗೆ ಒಂದು ಕಡೆ ವಾಲಿಕೊಂಡು ಕುಪ್ಪಳಿಸುತ್ತಾನಂತೆ. ಇದನ್ನು ಓದಿದ ದಿನ ಬಾತ್‌ರೂಮಿನಿಂದ ಅಡಿಗೆಮನೆಯವರೆಗೆ ನಡೆದು, ಹೇಗೆ ಕಾಣುತ್ತೇನೆ ಎಂದು ಹೆಂಡತಿ ಜಯಳನ್ನು ಕೇಳಿದೆ. ಅವಳು ರಣಹದ್ದನ್ನು ನೋಡಿದವಳಲ್ಲ. ‘ಬಾಡಿಗೆ ಸೈಕಲ್ಲಿನ ಥರ’ ಅಂದಳು. ಶಾಸ್ತ್ರಕಾರರಿಗಿಂತ ಅವಳದೇ ಸರಿ ಅನ್ನಿಸಿತು.

ನೋವು ಬಂದ ಬಗೆಯನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಹೊಸೂರಿನಲ್ಲಿ ಎಲ್ಲರ ಕೈಗೂ ಮೊಬೈಲು ಆಗತಾನೇ ಬರುತ್ತಿದ್ದ ಕಾಲ ಅದು. ಕಾರ್ಖಾನೆಯ ಸ್ಟೋರ್ಸಿನಲ್ಲಿ ನನಗೆ ಕೆಲಸ. ಭಾರ ಎತ್ತುವಾಗ ಬೆನ್ನು ಬಗ್ಗಿಸಬಾರದು, ಮಂಡಿ ಮಡಿಸಬೇಕು ಎಂಬ ಚಿತ್ರವನ್ನು ಗೋಡೆಗೆ ಅಂಟಿಸಿದವನು ನಾನೇ. ಹೊಸದಾಗಿ ಸೇರಿದವರಿಗೆ ಅದರ ಅರ್ಥವನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ವಿವರಿಸುತ್ತಿದ್ದವನೂ ನಾನೇ. ಅಂಥ ನಾನು ಒಂದು ಭಾನುವಾರ ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಕೊಡಪಾನ ಎತ್ತುವ ಹಾಗೆ ಬಗ್ಗಿ ಎತ್ತಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಸೊಂಟದೊಳಗೆ ಚಟ್ಟೆಂದು ಸದ್ದು ಮಾಡಿತು.

ಆಮೇಲೆ ಊರೆಲ್ಲ ವೈದ್ಯರಾದರು. ಪಕ್ಕದ ಮನೆಯ ತಮಿಳು ಅಜ್ಜಿ ನೊಚ್ಚಿ ಸೊಪ್ಪಿನ ನೀರು ಕಾಯಿಸಿಕೊಟ್ಟರು. ನಮ್ಮ ಲಕ್ಕಿ ಸೊಪ್ಪೇ ಅವರ ನೊಚ್ಚಿ. ದಿನಸಿ ಅಂಗಡಿಯ ತೆಲುಗು ಶೆಟ್ಟರು ಹರಳೆಣ್ಣೆ ಕುಡಿಸಿದರು. ಅದರಿಂದ ನೋವು ಹೋಗಲಿಲ್ಲ, ಮಿಕ್ಕಿದ್ದೆಲ್ಲ ಹೋಯಿತು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದ್ದಾಯಿತು, ಹುರಿದ ಉಪ್ಪಿನ ಗಂಟಿನಲ್ಲಿ ಶಾಖ ಕೊಟ್ಟಿದ್ದಾಯಿತು. ಉಪ್ಪಿನ ಶಾಖ ನಿಜಕ್ಕೂ ಹಿತವಾಗಿತ್ತು, ಅದನ್ನು ಇವತ್ತಿಗೂ ಬಿಟ್ಟಿಲ್ಲ. ಮೂರು ಭಾಷೆಯ ಊರಲ್ಲಿ ಕಾಯಿಲೆ ಬೀಳುವುದರ ಅನುಕೂಲ ಇದು: ಒಂದು ಭಾಷೆಯಲ್ಲಿ ವಾಸಿಯಾಗದಿದ್ದರೆ ಇನ್ನೊಂದರಲ್ಲಿ ಶುರು ಮಾಡಬಹುದು.

ಹೀಗೆ ನಾನು ನೋವಿನೊಂದಿಗೆ ಒಂದು ಬಗೆಯ ರಾಜಿ ಮಾಡಿಕೊಳ್ಳುತ್ತಿದ್ದಾಗಲೇ ಅಕ್ಕ ಬಂದಳು. ಸಾನಮಾವು ಕಾಡಿನಂಚಿನ ಹಳ್ಳಿಗೆ ಕೊಟ್ಟ ನನ್ನ ಒಬ್ಬಳೇ ಅಕ್ಕ, ಭಾಗ್ಯಳ ತಾಯಿ. ಕೈಚೀಲದಿಂದ ಅವರೆಕಾಯಿ ಸುರಿದು, ‘ಭಾಗ್ಯಂಗೆ ಗಂಡು ಗೊತ್ತಾಯ್ತು ಕಣ್ಲಾ ನಂಜ. ಗುಮ್ಮಳಾಪುರದೋರು. ಕೆಲಮಂಗಲದ ಛತ್ರದಾಗೆ ಮದ್ವೆ’ ಅಂದಳು. ನನಗೆ ಸಂತೋಷದಿಂದ ಎದ್ದು ನಿಲ್ಲಬೇಕೆನ್ನಿಸಿತು. ನಿಂತೇ ಇದ್ದೆನಾದ್ದರಿಂದ ಹಾಗೇ ನಿಂತುಕೊಂಡೆ.

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಕಣ್ಣು ನನ್ನ ಸೊಂಟದಲ್ಲಿ ನಿಂತಾಗ ನಮ್ಮಿಬ್ಬರಿಗೂ ಒಂದೇ ವಿಷಯ ಹೊಳೆಯಿತು. ನಮ್ಮ ಕಡೆಯ ಮದುವೆಯಲ್ಲಿ ಹೆಣ್ಣು ತಾನಾಗಿ ನಡೆದು ಹಸೆಮಣೆಗೆ ಬರುವ ಹಾಗಿಲ್ಲ. ಸೋದರಮಾವ ಎತ್ತಿಕೊಂಡು ತರಬೇಕು. ಅವಳ ಕಾಲು ನೆಲಕ್ಕೆ ತಾಗಬಾರದು. ಸೋದರಮಾವನೆಂದು ಇರುವುದು ನಾನೊಬ್ಬನೇ. ನಾನು ಆಗದಿದ್ದರೆ ನಮ್ಮ ದೊಡ್ಡಪ್ಪನ ಮಗ ಕೆಂಪಣ್ಣ ಆ ಜಾಗಕ್ಕೆ ಬರುತ್ತಾನೆ. ಕೆಂಪಣ್ಣನಿಗೂ ಅಕ್ಕನಿಗೂ ತವರಿನ ಬಾವಿಯ ವಿಷಯದಲ್ಲಿ ಮಾತು ಬಿಟ್ಟುಹೋಗಿತ್ತು. ‘ಅವ್ನು ನನ್ ಮಗಳ ಮುಟ್ಟಂಗಿಲ್ಲ’ ಅಂದಳು ಅಕ್ಕ. ನನಗೆ ಕೆಂಪಣ್ಣನ ಮೇಲೆ ಅಂಥ ದ್ವೇಷವೇನೂ ಇರಲಿಲ್ಲ. ಆದರೆ ಭಾಗ್ಯಳನ್ನು ಬೇರೆಯವನು ಎತ್ತುವುದನ್ನು ನಾನು ಕುರ್ಚಿಯಲ್ಲಿ ಕೂತು ನೋಡಬೇಕಾಗುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಅದೂ ಕುರ್ಚಿಯಲ್ಲಿ ಕೂತು.

ನನ್ನ ಮದುವೆಗೆ ಮೊದಲು ನಾನು ಕೆಲವು ವರ್ಷ ಅಕ್ಕನ ಮನೆಯಲ್ಲೇ ಇದ್ದುಕೊಂಡು ಕೆಲಸಕ್ಕೆ ಹೋಗಿಬರುತ್ತಿದ್ದೆ. ಭಾಗ್ಯ ಆಗ ಪುಟ್ಟವಳು. ನಾನು ಕೆಲಸದಿಂದ ಬಂದು ಶೂ ಬಿಚ್ಚುವುದನ್ನೇ ಕಾದಿದ್ದು, ನನ್ನ ಪಾದಗಳ ಮೇಲೆ ತನ್ನ ಪಾದಗಳನ್ನಿಟ್ಟು ನಿಲ್ಲುತ್ತಿದ್ದಳು. ನಾನು ಅವಳ ಕೈ ಹಿಡಿದು ಹೆಜ್ಜೆ ಎತ್ತಿಡಬೇಕು. ಅದಕ್ಕೆ ‘ಆನೆ ನಡಿಗೆ’ ಎಂದು ಹೆಸರು. ಸಾನಮಾವಿನ ಆನೆಗಳು ರಾಗಿ ಹೊಲಕ್ಕೆ ಬರುವ ಕಾಲದಲ್ಲಿ ಊರವರೆಲ್ಲ ಹೆದರಿದ್ದರೆ, ಅವಳು ಮಾತ್ರ ತನ್ನ ಬಳಿ ಸಾಕಿದ ಆನೆಯೊಂದಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಆ ಆನೆಗೆ ಈಗ ಸಿಲಿಂಡರ್ ಎತ್ತಲಾಗದು.

‘ಅದುಕ್ಯಾಕೆ ಯೋಚ್ನೆ’ ಅಂದಳು ಅಕ್ಕ. ‘ಮದ್ದು ಮನೆಯಾಗೇ ಅದೆ.’

ಇದು ನಿಮಗೆ ಗೊತ್ತಿರಬಹುದು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ಬಲವಾದ ನಂಬಿಕೆ. ಭಾಗ್ಯ ಹಾಗೆ ಹುಟ್ಟಿದವಳು. ಅವಳಿಗೆ ನಡೆಯಲು ಬಂದಾಗಿನಿಂದ ಊರಿನ ಉಳುಕಿದ ಸೊಂಟಗಳೆಲ್ಲ ಅಕ್ಕನ ಜಗುಲಿಯ ಮೇಲೆ ಬೋರಲು ಮಲಗುತ್ತಿದ್ದವು. ಇವಳು ಬೆಲ್ಲದ ಚೂರು ಚೀಪುತ್ತ ಒಬ್ಬೊಬ್ಬರಿಗೂ ಕಾಲು ಮುಟ್ಟಿಸಿ ಬರುತ್ತಿದ್ದಳು. ದೊಡ್ಡವಳಾದ ಮೇಲೆ ಒಂದು ದಿನ ಇನ್ನು ಆಗುವುದಿಲ್ಲ ಎಂದು ನಿಲ್ಲಿಸಿಬಿಟ್ಟಳು. ಗುಲಾಬಿ ತೋಟದಲ್ಲಿ ಹೂ ಕಟ್ಟುವ ಕೆಲಸಕ್ಕೆ ಸೇರಿದ ಮೇಲಂತೂ ಆ ಮಾತೆತ್ತಿದರೆ ಮುಖ ಕೆಂಪಾಗುತ್ತಿತ್ತು.

ಮುಂದಿನ ವಾರ ಅಕ್ಕನ ಒತ್ತಾಯಕ್ಕೆ ನಾನು ಅದೇ ಜಗುಲಿಯ ಮೇಲೆ ಬೋರಲು ಮಲಗಿದೆ. ಭಾಗ್ಯ ಬಾಗಿಲಲ್ಲೇ ನಿಂತಳು.

‘ನಾನ್ ಒಲ್ಲೆ ಕಣವ್ವ. ಮಾವನ್ನ ಕಾಲಾಗ್ ತುಳಿಯಾದಾ?’

‘ತುಳಿಯಾಕ್ ಯಾರೇಳಿದ್ರು, ಸುಮ್ಕೆ ಮುಟ್ಸು.’

‘ಊರೋರ್ನೆಲ್ಲ ಮುಟ್ಸಿದ್ದು ಸಾಕು. ಮಾವ ನನ್ನ ಹೊತ್ ಸಾಕಿದೋನು.’ ಅಷ್ಟು ಹೇಳಿ ಒಳಗೆ ಹೋದಳು. ಅಕ್ಕ ಬೈದುಕೊಂಡಳು. ನಾನು ಮುಖ ಕೆಳಗೆ ಮಾಡಿ ಮಲಗಿದ್ದೆ. ಕಣ್ಣು ಒದ್ದೆಯಾಗಿದ್ದು ಯಾರಿಗೂ ಕಾಣಲಿಲ್ಲ.

ಕೊನೆಗೆ ಜಯ ನನ್ನನ್ನು ಹೊಸೂರಿನಲ್ಲಿದ್ದ ಫಿಸಿಯೋಥೆರಪಿ ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು. ತಮಿಳಿನವರು, ನಮ್ಮ ಜೊತೆ ಕನ್ನಡ ಆಡುವ ಪ್ರಯತ್ನ ಮಾಡುತ್ತಿದ್ದರು. ಬೋರಲು ಮಲಗಿ ಎದೆ ಎತ್ತಬೇಕು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತಬೇಕು, ದಿನಾ ನಡೆಯಬೇಕು, ಬಹಳ ಹೊತ್ತು ಕೂರಬಾರದು. ಇಷ್ಟೇ. ಇಷ್ಟು ಸಪ್ಪೆಯಾದ ಮದ್ದಿನಲ್ಲಿ ನನಗೆ ನಂಬಿಕೆ ಬರಲಿಲ್ಲ. ಕಹಿಯಿಲ್ಲ, ಉರಿಯಿಲ್ಲ, ಪಥ್ಯವಿಲ್ಲ. ಆದರೆ ದಿನಾ ಮಾಡುತ್ತ ಹೋದಂತೆ ನೋವಿನ ಬಸ್ಸು ಕೆಲವು ಸ್ಟಾಪುಗಳಲ್ಲಿ ನಿಲ್ಲುವುದನ್ನು ಬಿಟ್ಟಿತು. ಮೊದಲು ಮೀನಖಂಡ ಹಗುರಾಯಿತು, ಆಮೇಲೆ ತೊಡೆ. ಬೆಳಿಗ್ಗೆ ಬಗ್ಗದೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಕಲಿತೆ.

ಧೈರ್ಯ ಬಂದು ಒಂದು ದಿನ ಕೇಳಿದೆ, ಮದುವೆಯಲ್ಲಿ ಹುಡುಗಿಯನ್ನು ಎತ್ತಬಹುದಾ ಎಂದು.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ‘ಯಾರ ಮದ್ವೆ ಸಾರ್?’

ಅಕ್ಕನ ಮಗಳದು ಅಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ‘ನಮ್ಮಲ್ಲೂ ತಾಯ್‌ಮಾಮನ್ ಉಂಟು. ಆದ್ರೆ ಎತ್ತೋದು ವೇಣ್ಡಾಂ ಸಾರ್. ಈಗತಾನೇ ನರ ಸ್ವಲ್ಪ ಸುಮ್ಮನಾಗಿದೆ.’

ಬೇಡ ಅಂದ ಮೇಲೆ ಬಿಡಬೇಕಿತ್ತು. ನಾನು ಸ್ಟೋರ್ಸಿನ ಗೆಳೆಯರಲ್ಲಿ ಸಲಹೆ ಕೇಳಿದೆ. ಕಾರ್ಖಾನೆಯವರಿಗೆ ಎತ್ತುವ ಸಮಸ್ಯೆ ಎಂದರೆ ಒಂದೇ ಉತ್ತರ. ಪ್ಯಾಲೆಟ್ ತಳ್ಳುವ ಟ್ರಾಲಿಗೆ ಹೂವಿನ ಅಲಂಕಾರ ಮಾಡಿ, ಹಿಂದೆ ನಾನು ಹಿಡಿಕೆ ಹಿಡಿದು ತಳ್ಳುವುದೆಂದು ಅವರು ಚಿತ್ರವನ್ನೇ ಬರೆದುಕೊಟ್ಟರು. ಗೇಟ್ ಪಾಸ್ ಮಾತ್ರ ನಾನೇ ನೋಡಿಕೊಳ್ಳಬೇಕಂತೆ. ಅದನ್ನು ಬಿಟ್ಟು ಮನೆಯಲ್ಲಿ ಗುಟ್ಟಾಗಿ ರಾಗಿ ಮೂಟೆಯೊಂದಿಗೆ ಅಭ್ಯಾಸ ಶುರು ಮಾಡಿದೆ. ಗೋಡೆಯ ಚಿತ್ರದಲ್ಲಿದ್ದಂತೆ ಮಂಡಿ ಮಡಿಸಿ, ಮೂಟೆಯನ್ನು ತಬ್ಬಿ ನಿಂತಿದ್ದಾಗ ಜಯ ಬಂದಳು. ಮೂಟೆಯನ್ನೂ ನನ್ನನ್ನೂ ನೋಡಿ, ‘ಅದನ್ನ ಇಳಿಸಿ. ಮದುವೆ ದಿನ ನಿಮ್ಮನ್ನೂ ಸೇರಿಸಿ ಇಬ್ಬರನ್ನು ಹೊರಬೇಕಾದೀತು’ ಅಂದಳು.

ಮದುವೆಯ ದಿನ ಬಂದೇಬಂತು. ಓಲಗದವರು ಜೋರು ಮಾಡಿದರು. ಹಸೆಮಣೆಯ ಮುಂದೆ ಅಂತರಪಟ ಹಿಡಿದು ನಿಂತಿದ್ದರು, ಆಚೆ ಗಂಡು. ಹೆಣ್ಣಿನ ಕೋಣೆಯ ಬಾಗಿಲಿಂದ ಅಲ್ಲಿಗೆ ದೂರವೇನೂ ಇಲ್ಲ, ಆದರೆ ನನಗೆ ಕೃಷ್ಣಗಿರಿಯಷ್ಟು ದೂರ ಕಂಡಿತು. ಕೆಂಪಣ್ಣ ಕಂಬದ ಪಕ್ಕ ಅಂಗಿಯ ತೋಳು ಮಡಿಸಿಕೊಂಡು ನಿಂತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ನನಗೆ ಭಯವಾಗಿತ್ತು. ನೋವಿನದಲ್ಲ. ಅರ್ಧ ದಾರಿಯಲ್ಲಿ ಸೊಂಟ ಕೈಕೊಟ್ಟು, ಬಳೆ, ಬಾಸಿಂಗ, ಹೂವಿನ ಜಡೆಯ ಸಮೇತ ಹುಡುಗಿ ನೆಲಕ್ಕೆ ಬಿದ್ದರೆ ಎಂಬ ಭಯ.

ಬಾಗಿಲಲ್ಲಿ ಭಾಗ್ಯಳ ಪಕ್ಕ, ಹಸೆಮಣೆಯ ಕಡೆ ತಿರುಗಿ ನಿಂತು ಮಂಡಿ ಮಡಿಸಿದೆ. ಎಡಗಾಲಿನಲ್ಲಿ ಸುರ್ರೆಂದು ಬೆಂಕಿ ಇಳಿಯಿತು. ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಅವಳು ಬಗ್ಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು.

‘ಎತ್ಬೇಡ ಮಾವ. ನೆಟ್ಟಗ್ ನಿಂತ್ಕೊ. ಆನೆ ನಡಿಗೆ ಹೋಗಾಣ.’

ನನಗೆ ಅರ್ಥವಾಗುವ ಮೊದಲೇ ಅವಳು ನನ್ನ ಕಡೆ ಬೆನ್ನು ಮಾಡಿ, ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಹೊಸ್ತಿಲಿನ ಮೇಲಿಂದ ನೇರವಾಗಿ ನನ್ನ ಎರಡೂ ಪಾದಗಳ ಮೇಲೆ ಹತ್ತಿ ನಿಂತಳು. ಅರಿಶಿನದ ಕಾಲು. ನಾನು ಹಿಂದಿನಿಂದ ಅವಳ ತೋಳು ಹಿಡಿದೆ. ಬಲಗಾಲು ಎತ್ತಿದೆ, ಅವಳ ಬಲಗಾಲೂ ಎದ್ದಿತು. ಎಡಗಾಲು ಎತ್ತಿದೆ. ಸೊಂಟ ನೆಟ್ಟಗೇ ಇತ್ತು. ಭಾರವೆಲ್ಲ ಪಾದದ ಮೇಲೆ. ಪಾದ ಜಜ್ಜಿಹೋಗುತ್ತಿತ್ತು, ಆದರೆ ಹೆಜ್ಜೆ ತಪ್ಪಲಿಲ್ಲ. ಹಳೆಯ ಆಟವನ್ನು ಕಾಲುಗಳು ಮರೆತಿರಲಿಲ್ಲ.

‘ಇದೇನಿದು, ಎತ್ಕಂಡ್ ಬರ್ಬೇಕಲ್ವಾ?’ ಅಂದ ಕೆಂಪಣ್ಣ, ಎಲ್ಲರಿಗೂ ಕೇಳುವ ಹಾಗೆ. ಓಲಗವೂ ಒಂದು ಕ್ಷಣ ತಡವರಿಸಿತು. ಗಂಡಿನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನಮ್ಮ ನಾಲ್ಕು ಪಾದಗಳನ್ನೂ ಪರೀಕ್ಷಿಸಿದರು. ಬಗ್ಗಿದ ರೀತಿಯಲ್ಲೇ ಅವರೂ ನಮ್ಮ ಸಂಘದವರು ಎಂದು ನನಗೆ ಗೊತ್ತಾಯಿತು. ‘ಹೆಣ್ಣಿನ ಕಾಲು ನೆಲಕ್ಕೆ ತಾಗಿಲ್ಲ ಬುಡ್ರಪ್ಪ’ ಅಂದರು, ‘ಮಾವನ್ ಮ್ಯಾಲೇ ಬತ್ತಾವ್ಳೆ. ಊದ್ರಿ.’ ಓಲಗದವರು ಊದಿದರು. ನಾನು ಹಸೆಮಣೆಯವರೆಗೂ ನಡೆದೆ. ಭಾಗ್ಯ ಇಳಿಯುವಾಗ ಒಮ್ಮೆ ಹಿಂದಿರುಗಿ ನೋಡಿದಳು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಮದುವೆಯಾದ ವಾರದಲ್ಲೇ ನಾನು ಪಾದ ಊದಿಸಿಕೊಂಡು ಡಾಕ್ಟರಮ್ಮನ ಎದುರು ನಿಂತೆ. ‘ಸೊಂಟಕ್ಕೆ ಬಂದೋರು ಈಗ ಪಾದಕ್ಕೆ ಬಂದ್ರಾ’ ಎಂದು ಅವರು ನಕ್ಕರು. ಕತೆ ಕೇಳಿ ಬೈಯಲಿಲ್ಲ. ಬೆನ್ನು ಬಗ್ಗದೆ ಇದ್ದದ್ದೇ ಒಳ್ಳೆಯದಾಯಿತು, ವ್ಯಾಯಾಮ ಬಿಡಬೇಡಿ ಅಂದರು. ಅಕ್ಕನ ವಿಚಾರವೇ ಬೇರೆ. ಕಾಲು ಮುಂದಾಗಿ ಹುಟ್ಟಿದ ಮಗಳ ಕಾಲು ತಮ್ಮನಿಗೆ ತಾಗಿತು, ಅದಕ್ಕೇ ಅವನು ಈಗ ಓಡಾಡಿಕೊಂಡಿದ್ದಾನೆ ಎಂದು ಕೆಲಮಂಗಲದ ಸಂತೆಯಲ್ಲೂ ಹೇಳಿಕೊಂಡು ಬಂದಳು. ನಾನು ಇಬ್ಬರ ಮಾತಿಗೂ ತಲೆಯಾಡಿಸುತ್ತೇನೆ. ಬೆಳಿಗ್ಗೆ ಎದ್ದು ವ್ಯಾಯಾಮವನ್ನಂತೂ ತಪ್ಪಿಸುವುದಿಲ್ಲ.

ನೋವು ಪೂರ್ತಿ ಹೋಗಿಲ್ಲ. ಚಳಿಗಾಲದಲ್ಲಿ, ಬಸ್ಸಿನಲ್ಲಿ ಬಹಳ ಹೊತ್ತು ಕೂತಾಗ, ಸೊಂಟದಿಂದ ಹೊರಟು ಹಳೆಯ ದಾರಿಯಲ್ಲೇ ಇಳಿಯುತ್ತದೆ. ತೊಡೆ, ಮೀನಖಂಡ, ಆಮೇಲೆ ಪಾದ. ಪಾದದ ಮೇಲೆ ಮಾತ್ರ ಅದಕ್ಕೆ ಮೊದಲಿನ ಹಾಗೆ ಜಾಗ ಸಿಗುವುದಿಲ್ಲ. ಅಲ್ಲಿ ಆಗಲೇ ಒಬ್ಬಳು ಹತ್ತಿ ನಿಂತಿರುತ್ತಾಳೆ. ನಾನು ಅಲುಗಾಡದೆ ಹಾಗೇ ಸ್ವಲ್ಪ ಹೊತ್ತು ಇರುತ್ತೇನೆ. ಅಂಥ ಹೊತ್ತಿನಲ್ಲಿ ಯಾರಾದರೂ ಕುರ್ಚಿ ಎಳೆದು ‘ಕೂತ್ಕೊಳ್ಳಿ’ ಅಂದರೆ, ‘ಇರಲಿ ಬಿಡಿ, ನಿಂತಿರೋದೇ ಹಿತ’ ಅನ್ನುತ್ತೇನೆ. ಅವರು ವಿನಯ ಅಂದುಕೊಳ್ಳುತ್ತಾರೆ.