ಕೊಡೆ ಅಡ್ಡ ಹಿಡಿದ ಮೇಷ್ಟ್ರು

ಒಂದನೇ ತರಗತಿಯ ನಮ್ಮ ಮೇಷ್ಟ್ರ ಶ್ರದ್ಧಾಂಜಲಿ ಸಭೆಯಲ್ಲಿ ಅದಿರು ಲಾರಿಗಳ ಮಾಲೀಕ ಮೈಕ್ ಹಿಡಿದು, "ಭಾಳ ಸಾಧು ಮನುಷ್ಯ. ಯಾರಿಗೂ ಎದುರು ಮಾತಾಡಿದವ್ರಲ್ರಿ" ಅಂದ. ಸಭೆ ತಲೆಯಾಡಿಸಿತು. ನನಗೆ ಮೈಯೆಲ್ಲ ಉರಿಯಿತು.

ಹಾಗಾದರೆ ಸಂಡೂರಿನ ರಸ್ತೆಯಲ್ಲಿ, ಶಾಲೆ ಬಿಡುವ ಹೊತ್ತಿಗೆ, ಈತನ ಲಾರಿಗಳಿಗೆ ಕೊಡೆ ಅಡ್ಡ ಹಿಡಿದು ನಿಲ್ಲುತ್ತಿದ್ದವರು ಯಾರು? "ಮೊದ್ಲು ಮಕ್ಳು ದಾಟ್ಲಿ, ಆಮ್ಯಾಲೆ ನಿಮ್ಮ ಮಣ್ಣು" ಎಂದು ಗದರುತ್ತಿದ್ದವರು? ನಮ್ಮ ಮುಖದ ಕೆಂಧೂಳನ್ನು ಒದ್ದೆ ಟವೆಲ್ಲಿನಿಂದ ಒರೆಸದೆ ಅವರು ಪಾಠ ಶುರು ಮಾಡಿದವರಲ್ಲ.

ನಿವೃತ್ತರಾದ ಮೇಲೂ ಮೊಮ್ಮಗಳ ಕೈ ಹಿಡಿದು ಅಲ್ಲೇ ನಿಂತರು. ಒಮ್ಮೆ ಈ ಮಾಲೀಕನೇ ಜೀಪಿನಿಂದ ಇಳಿದು, "ಲೋಡ್ ಲೇಟಾಗ್ತೈತಿ, ಜಲ್ದಿ ಸರೀರಿ ಮೇಷ್ಟ್ರೇ" ಎಂದು ಕೂಗಿದ. ಕೊನೆಯ ಮಗು ದಾಟುವವರೆಗೂ ಕೊಡೆ ಅಲುಗಲಿಲ್ಲ.

ಸಭೆಯಲ್ಲಿ ಅವನ ಭಾಷಣ ಇನ್ನೂ ಮುಗಿದಿರಲಿಲ್ಲ. ಮುಂದಿನ ಸಾಲಿನಿಂದ ಮೊಮ್ಮಗಳು ಎದ್ದು ನಿಂತಳು.

"ಸುಳ್ಳು ಹೇಳಬ್ಯಾಡ್ರಿ. ನಮ್ ತಾತ ದಿನಾ ನಿಮ್ಮನ್ನೇ ಬೈತಿದ್ದ!"